ಬಾಗಿಲಿಲ್ಲದ ಬಚ್ಚಲು

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡುತ್ತೇನೆ, ನಮ್ಮ ಬಚ್ಚಲಿಗೆ ಬಾಗಿಲಿಲ್ಲ. ಎಡತೊಡೆಯ ಮೂಳೆಯೊಳಗೆ ಒಂದು ಸರಳು, ಸೊಂಟದ ಮೂಳೆಗೆ ಒಂದು ಪಟ್ಟಿ, ಅದನ್ನು ಬಿಗಿದ ಸ್ಕ್ರೂಗಳು, ಇಷ್ಟು ಕಬ್ಬಿಣವನ್ನು ಒಳಗಿಟ್ಟುಕೊಂಡು, ವಾಕರ್ ಹಿಡಿದು, ಬಲಗಾಲೊಂದರಲ್ಲೇ ಕುಪ್ಪಳಿಸುತ್ತ ನಡುಮನೆ ದಾಟಿ ಹೋದರೆ, ಬಾಗಿಲಿದ್ದ ಜಾಗದಲ್ಲಿ ಅತ್ತೆಯ ಹಳೇ ಹಸಿರು ಸೀರೆ ನೇತಾಡುತ್ತಿತ್ತು. ಚೌಕಟ್ಟೂ ಇರಲಿಲ್ಲ. ಕಿತ್ತ ಕಡೆ ಇಟ್ಟಿಗೆಗಳು ಹಲ್ಲು ಕಿರಿದುಕೊಂಡಿದ್ದವು.

"ಬಾಗಿಲಲ್ಲಿ ವಾಕರ್ ತೂರಾಕಿಲ್ಲ ಕಣೇ. ಅದಕ್ಕೇ ಚೌಕಟ್ಟು ಸಮೇತ ಕೀಳ್ಸಿವ್ನಿ," ಎಂದರು ನನ್ನ ಗಂಡ, ಊರಿಗೆ ಕೆರೆ ಕಟ್ಟಿಸಿದವರ ಮುಖಭಾವದಲ್ಲಿ. "ನೀನು ವಾಕರ್ ಬುಟ್ಟು ಒಳಗೋಗೋ ದಿನ ತಿರ್ಗ ಆಕ್ಸ್ತೀನಿ ಬುಡು."

ಆ ದಿನದಿಂದ ನನಗೆ ಈ ಲೋಕದಲ್ಲಿ ಬೇಕಾದದ್ದು ಒಂದೇ ಒಂದು: ಬಚ್ಚಲಿಗೆ ಒಬ್ಬಳೇ ಹೋಗಿ, ಬಾಗಿಲು ಹಾಕಿ, ಒಳಗಿಂದ ಚಿಲಕ ಜಡಿದು ಕೂತುಕೊಳ್ಳುವುದು. ನಡೆಯುವ ಆಸೆ, ಹೊಲಿಗೆ ಮಷೀನು ತುಳಿಯುವ ಆಸೆ ಎಲ್ಲ ಅದರ ಹಿಂದೆ ಸಾಲಾಗಿ ನಿಂತಿದ್ದವು.

ಇದೇನು ಇಷ್ಟು ದೊಡ್ಡ ವಿಷಯವೇ ಎಂದು ಕೇಳುವವರು ನಮ್ಮ ಮನೆಯನ್ನು ನೋಡಿಲ್ಲ. ಕಟ್ಟೆಮಳಲವಾಡಿಯ ನಮ್ಮ ಮನೆ ಉದ್ದಕ್ಕೆ ಒಂದೇ ಗೆರೆಯಲ್ಲಿದೆ. ಬೀದಿ ಕಡೆಯ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಅದಾದ ಮೇಲೆ ನಡುಮನೆ, ನಡುಮನೆಯ ಕೊನೆಗೆ ಬಚ್ಚಲು. ಬ್ಲೌಸ್ ಅಳತೆ ಕೊಡಲು ಬಂದವರು ನೇರ ನೋಡಿದರೆ ಬಚ್ಚಲೇ ಕಾಣುತ್ತದೆ. ನಾನು ಮಲಗಿದ್ದರೂ ಹೊಲಿಗೆಗೆ ಕೊಟ್ಟಿದ್ದವರು ಬಂದು ಕಾಯುವುದನ್ನು ಬಿಟ್ಟಿರಲಿಲ್ಲ. ನಡುಮನೆಯ ಫ್ಯಾನು ತಿರುಗಿದರೆ ಸೀರೆ ಹಾರುತ್ತಿತ್ತು. ಫ್ಯಾನು ನಿಲ್ಲಿಸಿ ಎಂದು ನಾನು ಒಳಗಿಂದ ಕೂಗಿದರೆ, ಯಾರಿದ್ದರೂ ಅವರಿಗೆ ನಾನು ಎಲ್ಲಿದ್ದೇನೆ, ಏನು ಮಾಡುತ್ತಿದ್ದೇನೆ ಎಂಬುದು ತಿಳಿಯುತ್ತಿತ್ತು. ಕೂಗದಿದ್ದರೆ ಕಣ್ಣಾರೆ ನೋಡುತ್ತಿದ್ದರು.

ಇಷ್ಟಕ್ಕೆಲ್ಲ ಕಾರಣ ಶುಂಠಿ. ನನ್ನ ಗಂಡ ಶುಂಠಿ ವ್ಯಾಪಾರಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲ ಹೊಲ ತಿರುಗಿ, ನೆಲದಡಿಯಲ್ಲಿರುವ ಗೆಡ್ಡೆಯನ್ನು ಮೇಲಿನ ಗರಿ ನೋಡಿಯೇ ಅಂದಾಜು ಮಾಡುವವರು. ಶುಂಠಿ ಹೊಲ ಕಂಡರೆ ಅವರ ಕುತ್ತಿಗೆ ತಾನಾಗಿ ಆ ಕಡೆ ತಿರುಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕೆ.ಆರ್. ನಗರದ ಮದುವೆ ಊಟ ಮುಗಿಸಿಕೊಂಡು ಬೈಕಿನಲ್ಲಿ ಬರುತ್ತಿದ್ದಾಗಲೂ ತಿರುಗಿತು. "ನೋಡೇ, ಈ ಒಲದಲ್ಲಿ ಕೊಳೆರೋಗ ಬಂದದೆ," ಎಂದರು. ನಾನು ನೋಡುವಷ್ಟರಲ್ಲಿ ಬೈಕು ರಸ್ತೆ ಬಿಟ್ಟು ಮೋರಿಯ ಕಡೆ ಹೊರಟಿತ್ತು. ಅವರಿಗೆ ಮೊಣಕೈ ತರಚಿತು. ಬೈಕು, ನಾನು ಮತ್ತು ತಾಂಬೂಲದ ತೆಂಗಿನಕಾಯಿ ಮೋರಿಯೊಳಗೆ ಬಿದ್ದೆವು, ಬೈಕು ಎಲ್ಲರಿಗಿಂತ ಮೇಲೆ.

ಮೈಸೂರಿಗೆ ಆಂಬುಲೆನ್ಸಿನಲ್ಲಿ ಹೋಗುವಾಗ ಬಿಳಿಕೆರೆಯಲ್ಲಿ ಗಾಡಿ ನಿಧಾನವಾಯಿತು. ನಾನು ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಮಲಗಿದ್ದರೆ, ಇವರು ಕಿಟಕಿಯಲ್ಲಿ ಯಾರಿಗೋ ಕೈಬೀಸಿದರು. "ನಮ್ ಶುಂಠಿ ಪಾರ್ಟಿ," ಎಂದು ನನಗೆ ವಿವರಣೆ ಬೇರೆ. ನನ್ನ ಆಪರೇಷನ್ನಿನ ಬಗ್ಗೆ ಏನಾದರೂ ಮರೆತರೂ ಮರೆತೇನು, ಆ ಕೈಬೀಸಿದ್ದನ್ನು ಮರೆಯಲಾರೆ.

ಮನೆಗೆ ಬಂದ ಮೇಲೆ ನೋಡಲು ಬರುವವರ ಜಾತ್ರೆ. ಕಂಪಲಾಪುರದಿಂದ ನನ್ನ ತವರಿನವರು ಗೂಡ್ಸ್ ಆಟೋ ತುಂಬ ಬಂದರು. ಬಂದವರಿಗೆಲ್ಲ ಅತ್ತೆ ನನ್ನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸುತ್ತಿದ್ದರು, ಸೊಸೆಯ ಒಡವೆ ತೋರಿಸುವಷ್ಟೇ ಶ್ರದ್ಧೆಯಿಂದ. "ಇದು ಸರಳು, ಇವು ಸ್ಕ್ರೂವು, ಇದು ಪಟ್ಟಿ." ಎಕ್ಸ್‌ರೇ ಆದ ಮೇಲೆ ಬಾಗಿಲಿಲ್ಲದ ಬಚ್ಚಲು. ಬಚ್ಚಲಾದ ಮೇಲೆ ಅದರೊಳಗೆ ನನಗೆಂದು ಹಾಕಿಸಿದ ಹೊಸ ಕಮೋಡು. ಅದಾದ ಮೇಲೆ ಕಾಫಿ. ನನ್ನ ಗಂಡ ಒಂದು ಮೂಲೆಯಲ್ಲಿ ಕೂತು ತಮ್ಮ ಮೊಣಕೈ ತೋರಿಸುತ್ತಿದ್ದರು. ಯಾರೂ ಅದಕ್ಕೆ ಬೆಲೆ ಕೊಡುತ್ತಿರಲಿಲ್ಲ ಎಂಬುದೊಂದೇ ನನಗಿದ್ದ ಸಮಾಧಾನ.

ಕಿತ್ತ ಬಾಗಿಲು ಏನಾಯಿತು ಎಂದು ನಾನು ಮಲಗಿದಲ್ಲಿಂದಲೇ ವಿಚಾರಿಸುತ್ತಿದ್ದೆ. ಹಿತ್ತಲಲ್ಲಿದೆ ಎಂದರು. ವಾಕರ್ ಮೇಲೆ ಹಿತ್ತಲವರೆಗೆ ಹೋಗುವಷ್ಟು ಶಕ್ತಿ ಬಂದ ದಿನ ನೋಡಿದೆ. ನಾಲ್ಕು ಬಕೆಟ್ ಬೋರಲು ಹಾಕಿ, ಅದರ ಮೇಲೆ ಬಾಗಿಲು ಮಲಗಿಸಿ, ಅತ್ತೆ ಸಂಡಿಗೆ ಇಟ್ಟಿದ್ದರು. ನೀಲಿ ಪ್ಲಾಸ್ಟಿಕ್ ಬಾಗಿಲ ಮೇಲೆ ಬಿಳಿ ಸಂಡಿಗೆಗಳು ಸಾಲು ಸಾಲಾಗಿ ಬಿಸಿಲು ಕಾಯುತ್ತಿದ್ದವು. ಚಿಲಕದ ಸುತ್ತ ಮಾತ್ರ ಸ್ವಲ್ಪ ಜಾಗ ಬಿಟ್ಟಿದ್ದರು.

"ಅತ್ತೆ, ಅದು ಬಚ್ಚಲ ಬಾಗಿಲು," ಎಂದೆ.

"ಸೀಗೇಕಾಯಿ ಆಕಿ ಉಜ್ಜಿ, ಮೂರ್ ಸಲ ತೊಳ್ದು, ಇಬೂತಿ ಹಚ್ಚಿವ್ನಿ ಕಣವ್ವ. ಎಂತಾ ನುಣುಪು ಅಂತೀಯ, ಬಟ್ಟೆ ಮ್ಯಾಲಾದ್ರೆ ನೀರು ಚಿಮುಕಿಸಿ ಬುಡಿಸ್ಬೇಕು, ಇದ್ರಲ್ಲಿ ಅಂಗೇ ಎದ್ದು ಬತ್ತದೆ."

ಅದನ್ನು ನಾನು ತಿನ್ನುವುದಿಲ್ಲ ಎಂದು ಶಪಥ ಮಾಡಿದೆ. ಮಧ್ಯಾಹ್ನ ಹುರುಳಿಕಾಳಿನ ಸಾರಿನ ಜೊತೆ ಕರಿದು ಕೊಟ್ಟರು. ತಿಂದೆ. ಚೆನ್ನಾಗಿತ್ತು. ಆದರೆ ಅಲ್ಲಿಂದ ನನ್ನ ಚಿಂತೆ ಹೆಚ್ಚಿತು. ಬೀದಿಯ ಹೆಂಗಸರೆಲ್ಲ ಆ ಬಾಗಿಲು ನೋಡಲು ಬರತೊಡಗಿದರು. ಅತ್ತೆಗೆ ಅದು ಬಾಗಿಲು ಎಂಬುದೇ ಮರೆಯುತ್ತ ಬರುತ್ತಿತ್ತು.

ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಎಡಗಾಲನ್ನು ಇನ್ನು ಮೇಲೆ ನೆಲಕ್ಕೆ ಊರಬಹುದು, ಆದರೆ ಇಪ್ಪತ್ತು ಕೆಜಿಗಿಂತ ಜಾಸ್ತಿ ಭಾರ ಬಿಡಬಾರದು ಎಂದರು. ಕಾಲಿಗೆ ಇಪ್ಪತ್ತು ಕೆಜಿ ಎಂದರೆ ಎಷ್ಟು ಎಂದು ಹೇಗೆ ಗೊತ್ತಾಗಬೇಕು ಎಂದು ನಾನು ಕಕ್ಕಾಬಿಕ್ಕಿಯಾದೆ. ನನ್ನ ಗಂಡನ ಮುಖ ಮಾತ್ರ ಅರಳಿತು. ಇಷ್ಟು ದಿನ ಆಸ್ಪತ್ರೆಯಲ್ಲಿ ಯಾರು ಏನು ಹೇಳಿದರೂ ಅವರಿಗೆ ಅರ್ಥವಾಗಿರಲಿಲ್ಲ. ಈಗ ಮೊದಲ ಸಲ ಒಬ್ಬ ಡಾಕ್ಟರು ಅವರ ಭಾಷೆಯಲ್ಲಿ ಮಾತಾಡಿದ್ದರು.

ಮನೆಗೆ ಬಂದವರೇ ಶುಂಠಿ ಚೀಲ ತೂಗುವ ಮಷೀನು ತಂದು ನಡುಮನೆಯಲ್ಲಿಟ್ಟರು. ಅದರ ಪಕ್ಕ ಅಷ್ಟೇ ಎತ್ತರಕ್ಕೆ ಇಟ್ಟಿಗೆ ಜೋಡಿಸಿದರು. ಬಲಗಾಲು ಇಟ್ಟಿಗೆಯ ಮೇಲೆ, ಎಡಗಾಲು ಮಷೀನಿನ ಮೇಲೆ, ಕೈ ವಾಕರ್ ಮೇಲೆ. ನಾನು ಮೆಲ್ಲಗೆ ಎಡಗಾಲಿಗೆ ಭಾರ ಬಿಡುತ್ತಿದ್ದರೆ ಇವರು ಕೆಂಪು ಅಂಕಿ ನೋಡಿ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು. ತೂಕವನ್ನು ಕೂಗಿ ಹೇಳದಿದ್ದರೆ ಅದು ತೂಕವೇ ಅಲ್ಲ ಎಂಬುದು ಅವರ ಕಸುಬಿನ ನಂಬಿಕೆ. ಹೊಲದಲ್ಲಿ ರೈತನಿಗೆ ಕೇಳಿಸಬೇಕು, ಹಮಾಲಿಗೆ ಕೇಳಿಸಬೇಕು. ಇಲ್ಲಿ ಬೀದಿಗೆ ಕೇಳಿಸಿತು. ಎದುರುಮನೆಯವಳು ನೀರು ಹಿಡಿಯುತ್ತ, "ಅಕ್ಕಯ್ಯ, ಇವತ್ತು ನಿನ್ ಕಾಲು ನಿನ್ನೆಗಿಂತ ಕಮ್ಮಿ ಬಂತಲ್ಲ," ಎಂದು ಕಾಳಜಿಯಿಂದ ಕೇಳುವ ಹಂತಕ್ಕೆ ಹೋಯಿತು.

ಅಷ್ಟಾದರೂ ಪರವಾಗಿರಲಿಲ್ಲ. ಶುಂಠಿ ಕೊಳ್ಳುವಾಗ ಒಂದು ಪದ್ಧತಿ ಇದೆ. ಚೀಲದ ತೂಕ, ಗೆಡ್ಡೆಗೆ ಅಂಟಿದ ಮಣ್ಣಿನ ತೂಕ ಎಂದು ಒಂದಿಷ್ಟು ವಜಾ ಮಾಡಿ, ಉಳಿದದ್ದನ್ನು ಮಾತ್ರ ನಿಜವಾದ ಮಾಲು ಎಂದು ಹಿಡಿಯುತ್ತಾರೆ. ಈ ಮನುಷ್ಯ ಜೀವಮಾನದಲ್ಲಿ ವಜಾ ಮಾಡದೆ ಏನನ್ನೂ ತೂಗಿದವರಲ್ಲ. ಮಷೀನು ಇಪ್ಪತ್ತು ತೋರಿಸಿ ನಾನು ನಿಲ್ಲಿಸಿದರೆ, "ಇನ್ನೂ ಬುಡು, ಇನ್ನೂ ಬುಡು," ಎನ್ನುತ್ತಿದ್ದರು.

"ಇಪ್ಪತ್ತಾಯ್ತಲ್ರೀ."

"ಅದ್ರಲ್ಲಿ ಸರಳು, ಪಟ್ಟಿ, ಸ್ಕ್ರೂ ಎಲ್ಲಾ ಸೇರವೆ ಕಣೇ. ಅದು ಕಬ್ಬಿಣದ ತೂಕ, ನಿನ್ ತೂಕ ಅಲ್ಲ. ಚಪ್ಲಿ ಬೇರೆ ಆಕಿದ್ದೀಯ. ನೈಟಿ ಅದೆ. ಅವೆಲ್ಲ ವಜಾ ಮಾಡಿದ್ರೆ ನಿಂದು ಹದಿನೈದೂ ಬರಾಕಿಲ್ಲ."

ಕೇಳುವುದಕ್ಕೆ ಎಷ್ಟು ನ್ಯಾಯವಾಗಿತ್ತೆಂದರೆ ನಾನೂ ಬಿಟ್ಟೆ. ಅತ್ತೆಯೂ ಹೌದೆಂದರು. ಅತ್ತೆಯ ಕೆಲಸ ಹೆಜ್ಜೆ ಎಣಿಸುವುದು. ಅವರು ರಾಗಿ ಅಳೆಯುವಾಗ ಮೊದಲನೇ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಎರಡರಿಂದ ಮುಂದೆ ಎಂದಿನ ಲೆಕ್ಕ. ನನ್ನ ಹೆಜ್ಜೆಗೂ ಅದೇ. ಪ್ರತಿ ಸೋಮವಾರ ನನ್ನ ಹಣೆಗೆ ವಿಭೂತಿ ಇಟ್ಟು, ವಾಕರ್‌ನ ಅಡ್ಡಪಟ್ಟಿಗೂ ಮೂರು ಬೆರಳು ಎಳೆದು, "ಲಾಭ" ಎಂದು ಶುರುಮಾಡಿಸುತ್ತಿದ್ದರು. ಹೀಗೆ ಮಗ ವಜಾ ಮಾಡುತ್ತ, ತಾಯಿ ಲಾಭ ಎನ್ನುತ್ತ, ನನ್ನ ಕಾಲು ಒಳ್ಳೆ ವ್ಯಾಪಾರಸ್ಥರ ಕೈಗೆ ಸಿಕ್ಕಿತ್ತು.

ವ್ಯಾಯಾಮ ಹೇಳಿಸಿಕೊಳ್ಳಲು ನಾನು ಹುಣಸೂರಿಗೆ ಹೋಗುತ್ತಿದ್ದೆ. ಅಲ್ಲಿ ಫಿಸಿಯೋಥೆರಪಿ ಮಾಡಿಸುವವಳು ಎಚ್.ಡಿ. ಕೋಟೆ ಕಡೆಯ ಹುಡುಗಿ, ನಗುವುದು ಕಡಿಮೆ, ನನ್ನನ್ನು ಆಂಟಿ ಎನ್ನುತ್ತಿದ್ದಳು. ಒಂದು ದಿನ ತನ್ನ ತೂಕದ ಮಷೀನಿನ ಮೇಲೆ ಕಾಲಿಡಿಸಿದಳು. ನಾನು ಮನೆಯ ಅಭ್ಯಾಸದಂತೆ ಬಿಟ್ಟೆ. ಅವಳು ಅಂಕಿ ನೋಡಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಆಂಟಿ, ಇದೇನು ಇಷ್ಟೊಂದು?"

ನಾನು ಕಬ್ಬಿಣದ ಲೆಕ್ಕ ಹೇಳಿದೆ. ಅವಳು ನನ್ನನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು ನೋಡಿದಳು. "ಅಂಕಲ್, ಕಬ್ಬಿಣ ಇರೋದೂ ಆ ಮೂಳೆ ಮೇಲೇ. ಎಲ್ಲಾ ಭಾರನೂ ಅದೇ ಹೊರಬೇಕು. ಕಾಲಿಗೆ ವಜಾ ಇಲ್ಲ," ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಪಟ್ಟಿ ಅಲುಗಾಡಿದ್ದರೆ ಮತ್ತೆ ಆಪರೇಷನ್ ಎಂದೂ ಹೇಳಿದಳು. ವಾಪಸ್ ಬರುವಾಗ ಆಟೋದಲ್ಲಿ ನನ್ನ ಗಂಡ ಅಂಚಿಗೇ ಕೂತಿದ್ದರು. ದಾರಿಯಲ್ಲಿ ಶುಂಠಿ ಹೊಲ ಬಂತು. ಕುತ್ತಿಗೆ ತಿರುಗಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

ಮೈಸೂರಿಗೆ ಓಡಿ ಎಕ್ಸ್‌ರೇ ತೆಗೆಸಿದೆವು. ಏನೂ ಆಗಿರಲಿಲ್ಲ. ಅಲ್ಲಿಂದ ಇಪ್ಪತ್ತು ಎಂದರೆ ಇಪ್ಪತ್ತೇ, ಆಮೇಲೆ ಡಾಕ್ಟರು ಹೇಳಿದಂತೆ ಮೂವತ್ತು, ಆಮೇಲೆ ಮೈಯ ಅರ್ಧ ಭಾರ. ಕೊನೆಗೆ ಬೇಸಿಗೆ ನೆತ್ತಿಗೇರಿದ ಹೊತ್ತಿಗೆ ಡಾಕ್ಟರು, ಮೂಳೆ ಚೆನ್ನಾಗಿ ಕೂಡಿಕೊಂಡಿದೆ, ಇನ್ನು ಪೂರ್ತಿ ಭಾರ ಬಿಟ್ಟು ನಡೆಯಿರಿ, ವಾಕರ್ ಬೇಡ ಎಂದರು.

ನನಗೆ ಕಂಡದ್ದು ಬಾಗಿಲು. ಇವತ್ತೇ ಹಾಕಿಸಿಬಿಡಿ ಎನ್ನಬೇಕೆಂದುಕೊಂಡು ಮನೆಗೆ ಬಂದೆ, ವಾಕರ್ ಬಿಟ್ಟೆ, ಎಡಗಾಲು ಮುಂದಿಟ್ಟೆ. ಕಾಲು ನೆಲಕ್ಕೆ ತಾಗಿತು, ಮೈ ಮಾತ್ರ ಅದರ ಮೇಲೆ ಬರಲಿಲ್ಲ. ಕೈ ತಾನಾಗಿ ಹೋಗಿ ವಾಕರ್ ಹಿಡಿದುಕೊಂಡಿತು. ಇನ್ನೊಂದು ಸಲ ಮಾಡಿದೆ. ಹಾಗೇ ಆಯಿತು. ಕಾಲಿಗೆ ಭಾರ ಬಿಡುವ ಗಳಿಗೆಗೆ ಸರಿಯಾಗಿ ಮೋರಿಯಲ್ಲಿ ಮೂಳೆ ಮುರಿದಾಗ ಕೇಳಿಸಿದ ಆ ಲಟಕ್ ಸದ್ದು ಕಿವಿಯಲ್ಲಿ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೆದರಿಕೆ ಎಂದು ಒಪ್ಪಿಕೊಳ್ಳುವ ಜಾತಿಯವಳಲ್ಲ ನಾನು. ಆದರೆ ಮಷೀನಿಗೆ ಮರ್ಯಾದೆ ಇರಲಿಲ್ಲ. ನನ್ನ ಒಟ್ಟು ತೂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಬೀದಿಗೆಲ್ಲ ಗೊತ್ತಿದೆ, ಅಷ್ಟು ಸಾಕು. ಅದರಲ್ಲಿ ಅರ್ಧವನ್ನೂ ಎಡಗಾಲು ತೋರಿಸುತ್ತಿರಲಿಲ್ಲ.

"ಮಾಲು ಕಮ್ಮಿ ಬತ್ತಾ ಅದಲ್ಲೇ," ಎಂದರು ನನ್ನ ಗಂಡ, ಮೆತ್ತಗೆ. ಅವರು ತೂಕವನ್ನು ಮೆತ್ತಗೆ ಹೇಳಿದ್ದು ಅದೇ ಮೊದಲು.

ಫಿಸಿಯೋ ಹುಡುಗಿ ಗದರಿಸಿದಳು, ಪುಸಲಾಯಿಸಿದಳು, ಕೊನೆಗೆ ಅತ್ತೆ ಹೇಳಿಕೊಟ್ಟಂತೆ ತಾನೂ "ಲಾಭ" ಎಂದು ಎಣಿಸಿ ನೋಡಿದಳು. ಮೂಳೆ ರೆಡಿ ಇದೆ ಆಂಟಿ, ನೀವು ರೆಡಿ ಇಲ್ಲ ಎಂದಳು. ನಾನು ವಾಕರ್ ಬಿಡಲಿಲ್ಲ, ಬಾಗಿಲು ಬರಲಿಲ್ಲ. ಅತ್ತೆ ಬಾಗಿಲ ಮೇಲೆ ಬಾಳಕದ ಮೆಣಸಿನಕಾಯಿ ಒಣಹಾಕಿದರು.

ಹೀಗಿರುವಾಗ ಒಂದು ಬೆಳಗ್ಗೆ ನಾನು ಸೀರೆಯ ಹಿಂದೆ ಕೂತಿದ್ದೆ. ಮಗಳ ಮದುವೆಗೆಂದು ಬ್ಲೌಸ್ ಕೊಟ್ಟಿದ್ದ ಹೆಂಗಸೊಬ್ಬಳು ಬಂದಳು. ಅತ್ತೆ ಹಿತ್ತಲಲ್ಲಿದ್ದರು. ಆಕೆ ಅಂಗಡಿಯಲ್ಲಿ ನೋಡಿದಳು, ನಡುಮನೆಯಲ್ಲಿ ನೋಡಿದಳು, ಆಮೇಲೆ ಸೀರೆ ಸರಿಸಿ ಒಳಗೆ ನೋಡಿದಳು. ನೋಡಿದವಳು ಹಿಂದಕ್ಕಾದರೂ ಹೋಗಬೇಡವೇ?

"ಇಲ್ಲಿದ್ದೀಯಾ? ಏಳ್ಬೇಡ, ಕೂತ್ಕೊ. ತೋಳಿಗೆ ಪಫ್ ಇಡ್ತೀಯೋ, ಪ್ಲೇನೋ, ಅಷ್ಟೇಳು ಸಾಕು, ಓಯ್ತೀನಿ."

ಪ್ಲೇನು ಎಂದೆ. ಬೇರೆ ಏನು ಹೇಳಲಿ. ಆಕೆ ಹೋದ ಮೇಲೆ ಹೊರಗೆ ಬಂದು, ಇಡೀ ಮನೆ ನಡುಗುವಂತೆ ಕೂಗಾಡಿದೆ. ಇವತ್ತು ಸಂಜೆಯೊಳಗೆ ನನ್ನ ಬಾಗಿಲು ನನಗೆ ಬೇಕು, ವಾಕರ್ ತೂರಲಿ ಬಿಡಲಿ, ನಾನು ಒಳಗೆ ಹೋಗಲಿ ಬಿಡಲಿ. ಅತ್ತೆ, "ಮೆಣಸಿನಕಾಯಿ ಇನ್ನೊಂದು ಬಿಸ್ಲು ಕಾಣ್ಬೇಕು ಕಣವ್ವ," ಎಂದು ಬಾಯಿ ತೆರೆದವರು ನನ್ನ ಮುಖ ನೋಡಿ ಮೊರಕ್ಕೆ ಬಾಚಿಕೊಂಡರು. ನನ್ನ ಗಂಡ ಬಡಗಿಯನ್ನು ಕರೆತರಲು ಓಡಿದರು.

ಚೌಕಟ್ಟು ಕೂತಿತು, ಬಾಗಿಲು ಬಂತು, ನೀಲಿಯ ಮೇಲೆ ಅಲ್ಲಲ್ಲಿ ಸಂಡಿಗೆಯ ಚೂರು ಅಂಟಿಕೊಂಡೇ ಇತ್ತು. ಸಿಮೆಂಟು ಗಟ್ಟಿಯಾಗಲಿ, ನಾಳೆಯವರೆಗೆ ಯಾರೂ ಮುಟ್ಟಬೇಡಿ ಎಂದು ಬಡಗಿ ಹೇಳಿ ಹೋದ. ಅಲ್ಲಿಯವರೆಗೆ ನಾನು ಎದುರುಮನೆಯ ಕೃಪೆಯಲ್ಲಿದ್ದೆ, ಅದನ್ನು ವಿವರಿಸುವುದಿಲ್ಲ.

ಮಾರನೇ ದಿನ ಹೋಗಿ ನಿಂತೆ. ವಾಕರ್ ಚೌಕಟ್ಟಿಗೆ ಬಡಿಯಿತು. ಓರೆ ಮಾಡಿದೆ, ಬಡಿಯಿತು. ಅತ್ತೆ, ಗಂಡ ಇಬ್ಬರೂ ಹಿಂದೆ ನಿಂತಿದ್ದರು, ಸಲಹೆ ಕೊಡುವ ಆಸೆಯನ್ನು ನುಂಗಿಕೊಂಡು. ವಾಕರನ್ನು ಅಲ್ಲೇ ಬಿಟ್ಟೆ. ಚೌಕಟ್ಟು ಹಿಡಿದು, ಗೋಡೆ ಹಿಡಿದು, ನಲ್ಲಿ ಹಿಡಿದು, ಬಲಗಾಲ ಮೇಲೇ ಜಾರಿಕೊಂಡು ಒಳಗೆ ಹೋದೆ. ಬಾಗಿಲು ಎಳೆದುಕೊಂಡು ಚಿಲಕಕ್ಕೆ ಒಂದು ಏಟು ಕೊಟ್ಟೆ. ಅದು ಟಕ್ಕೆಂದು ಕೂತಿತು. ಆಹಾ, ಆ ಸದ್ದು. ನಾನು ಮಹಾರಾಣಿಯಂತೆ ಕೂತೆ.

ಕೆಲಸ ಮುಗಿಸಿ, ಗೋಡೆ ಹಿಡಿದು ಎದ್ದು ಬಂದು ಚಿಲಕ ಎಳೆದರೆ ಬರಲಿಲ್ಲ. ಬಡಗಿ ಬಾಗಿಲನ್ನು ಚೌಕಟ್ಟಿಗೆ ಒಂದು ನೂಲಿನಷ್ಟು ಕೆಳಗೆ ಕೂರಿಸಿದ್ದ. ಬಾಗಿಲನ್ನು ಒಂದು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಿಲಕ ಎಳೆದರೆ ಮಾತ್ರ ಬರುವ ಹಾಗಿತ್ತು. ನಾನು ಎತ್ತಿದೆ, ಎಳೆದೆ. ಜಗ್ಗಲಿಲ್ಲ.

"ಏನಾಯ್ತೇ?" ಎಂದರು ಗಂಡ ಹೊರಗಿಂದ.

"ಚಿಲಕ ಕಚ್ಕೊಂಡಿದೆ."

"ತಡಿ, ಮುರ್ದು ಆಕ್ತೀನಿ."

"ಬಾಗಿಲಿಗೆ ಕೈ ಹಾಕಿದ್ರೆ ನಿಮ್ಮ ತೂಕದ ಮಷೀನು ಬೀದಿಗೆ ಹೋಗತ್ತೆ, ಹೇಳಿದ್ದೀನಿ."

"ಮುರೀಬೇಡ ಕಣ್ಲಾ, ನುಣುಪಾಗದೆ," ಎಂದರು ಅತ್ತೆ. "ಚಿಲಕಕ್ಕೆ ಕೊಬ್ರಿ ಎಣ್ಣೆ ಬುಟ್ರೆ ಆಯ್ತದೆ."

"ಎಣ್ಣೆ ಒರಗಡೆ ಅದೆ, ಚಿಲಕ ಒಳಗಡೆ ಅದೆ, ಎಂಗವ್ವಾ ಬುಡೋದು?"

"ಕೆಳಗಿನ ಸಂದಿಯಲ್ಲಿ ಬಟ್ಲು ತೂರ್ಸು."

ಬಟ್ಟಲು ತೂರಲಿಲ್ಲ. ಎತ್ತು ಎಂದರು, ಒತ್ತು ಎಂದರು, ಅಲ್ಲಾಡಿಸು ಎಂದರು. ನಾನು ಎತ್ತುತ್ತ, ಎಳೆಯುತ್ತ, ಇರುವ ಎರಡು ಕೈಯೂ ಬಾಗಿಲ ಮೇಲೇ ಇವೆ ಎಂದು ಇಬ್ಬರಿಗೂ ಸರಿಯಾಗಿ ಉತ್ತರ ಕೊಡುತ್ತ ಬೆವರು ಸುರಿಸುತ್ತಿದ್ದೆ. ಜಗಳ ತಾರಕಕ್ಕೇರಿದ್ದಾಗ ನನ್ನ ಗಂಡ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಕೇಳಿದರು.

"ಲೇ, ಎರಡು ಕೈನೂ ಬಾಗಿಲ ಮ್ಯಾಲದೆ ಅಂತೀಯ. ಏನ್ ಇಡ್ಕಂಡ್ ನಿಂತಿದ್ದೀಯೇ?"

ನಾನು ಕೆಳಗೆ ನೋಡಿದೆ. ಚಿಲಕ ಇದ್ದದ್ದು ಎಡಕ್ಕೆ. ಅದನ್ನು ಎಳೆಯಲು ಇಡೀ ಮೈ ಎಡಕ್ಕೆ ವಾಲಿಸಿದ್ದೆ. ಒದ್ದೆ ನೆಲದ ಮೇಲೆ ಎಡಗಾಲು ನೆಟ್ಟಗೆ ಊರಿಕೊಂಡು ನಿಂತಿತ್ತು, ಬಲಗಾಲಿನ ಹಿಮ್ಮಡಿ ಎದ್ದೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ ಏನೋ, ಅಷ್ಟೂ ಬೈಗುಳ ಅದರ ಮೇಲೆ ನಿಂತೇ ಬೈದದ್ದು. ಕಿವಿಯಲ್ಲಿ ಆ ಲಟಕ್ ಸದ್ದು ಬಂದಿರಲಿಲ್ಲ.

"ಏನೂ ಹಿಡ್ಕೊಂಡಿಲ್ಲ ಕಣ್ರೀ," ಎಂದೆ.

ಕೈಯಲ್ಲಿದ್ದ ಚಿಲಕ ಆಗ ತಾನಾಗಿ ಜಾರಿ ಬಂತು. ಬಾಗಿಲು ಬೆರಳಗಲ ತೆರೆದುಕೊಂಡಿತು. ಸಂದಿಯಲ್ಲಿ ನನ್ನ ಗಂಡನ ಒಂದು ಕಣ್ಣು, ಅದರ ಕೆಳಗೆ ಅತ್ತೆಯ ಒಂದು ಕಣ್ಣು ಕಂಡವು.

ನಾನು ಬಾಗಿಲು ಎಳೆದುಕೊಂಡು ಮತ್ತೆ ಚಿಲಕ ಹಾಕಿದೆ.

ಬಿದ್ದ ದಿನದಿಂದ ನಾನು ಅತ್ತಿರಲಿಲ್ಲ. ಧೈರ್ಯವಂತೆ ಎಂದು ಎಲ್ಲರೂ ಹೊಗಳಿದ್ದರು. ಧೈರ್ಯವೂ ಇಲ್ಲ, ಏನೂ ಇಲ್ಲ, ಅಳುವುದಕ್ಕೆ ಜಾಗ ಸಿಕ್ಕಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಮಂಚದವರು, ಮನೆಯಲ್ಲಿ ನೋಡಲು ಬಂದವರು, ಬ್ಲೌಸಿಗೆ ಬಂದವರು. ನನ್ನ ಕಣ್ಣು ಸ್ವಲ್ಪ ಒದ್ದೆಯಾದರೂ ಅತ್ತೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದರು, ಗಂಡ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಮತ್ತೆಂದೂ ನಡೆಯುವುದಿಲ್ಲವೇನೋ ಎಂದು ನನಗೆ ಎಷ್ಟು ಭಯವಾಗಿತ್ತು ಎಂಬುದು, ಎರಡು ಕಾಲ ಮೇಲೆ ನಿಂತ ಮೇಲೆ ನನಗೇ ಗೊತ್ತಾಯಿತು.

"ಅಳ್ತಿದ್ದೀಯಾ ಮಗಾ?" ಎಂದು ಅತ್ತೆ ಕೇಳಿದರು.

"ಇಲ್ಲ ಅತ್ತೆ, ಮುಖ ತೊಳೀತಿದ್ದೀನಿ," ಎಂದು ನಲ್ಲಿ ತಿರುಗಿಸಿದೆ. ಬಕೆಟ್ಟು ತುಂಬಿ ಚೆಲ್ಲುವವರೆಗೂ ಅಲ್ಲೇ ನಿಂತು ಅಳುತ್ತಿದ್ದೆ.